ಇಪ್ಪತ್ತು ನಿಮಿಷದ ಟ್ಯಾಕೋ ಪೆಟ್ಟಿಗೆಯೂ ಅಪ್ಪನ ಸುಣ್ಣವೂ

ಟ್ಯಾಕೋ ಎಂದರೆ ಮೆಕ್ಕೆಜೋಳದ ರೊಟ್ಟಿಯನ್ನು ಮಡಚಿ ಒಳಗೆ ಪಲ್ಯದಂಥದ್ದು ತುಂಬಿ ತಿನ್ನುವ ಮೆಕ್ಸಿಕೋದ ತಿನಿಸು. ಅದನ್ನು ಮನೆಯಲ್ಲೇ ಮಾಡಿಕೊಳ್ಳುವ ಪೆಟ್ಟಿಗೆಯ ಮೇಲೆ 20 ನಿಮಿಷ ಎಂದು ಅಚ್ಚು ಹಾಕಿದ್ದಾರೆ. ನಮ್ಮ ಅಡುಗೆಮನೆಯ ಗಡಿಯಾರದ ಲೆಕ್ಕದಲ್ಲಿ ನನಗೆ ಹಿಡಿದದ್ದು 1 ಗಂಟೆ 10 ನಿಮಿಷ. ಹಿಂದಿನ ರಾತ್ರಿ ರಾಜ್ಮಾ ನೆನೆಹಾಕಿದ್ದನ್ನು ಇದರಲ್ಲಿ ಸೇರಿಸಿಲ್ಲ. ಹಾಗೆಂದು ಪೆಟ್ಟಿಗೆಯನ್ನು ಪೂರ್ತಿ ಬಯ್ಯುವುದಕ್ಕೂ ಮನಸ್ಸು ಬರುತ್ತಿಲ್ಲ.

ಹೆಂಡತಿ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿ ಎರಡು ತಿಂಗಳಾಯಿತು. ಬದಿಯಡ್ಕದ ಹತ್ತಿರ ತೋಟದ ನಡುವಿನ ಮನೆಯಲ್ಲಿ ಈಗ ಇಬ್ಬರೇ ಇದ್ದೇವೆ: 52 ವರ್ಷದ ನಾನು, 81ರ ಅಪ್ಪ. ಬೆಳಗ್ಗಿನ ನೀರುದೋಸೆ, ಮಧ್ಯಾಹ್ನದ ಸಾರು, ಪಲ್ಯ ಇವುಗಳಲ್ಲಿ ನಾನು ಸೋಲುವವನಲ್ಲ. ರಾತ್ರಿಯದೇ ತಲೆನೋವು. ಬ್ಯಾಂಕಿನ ಲೆಕ್ಕ ಮುಗಿಸಿ ಮನೆ ಮುಟ್ಟುವಾಗ ಆರೂವರೆ. ಅಪ್ಪನಿಗೆ ಎಂಟಕ್ಕೆ ಊಟವಾಗಬೇಕು. ಮಧ್ಯಾಹ್ನದ ಸಾಂಬಾರನ್ನೇ ಬಿಸಿ ಮಾಡಿ ಬಡಿಸಿದರೆ ಅವರು ಒಂದು ಮಾತೂ ಆಡುವುದಿಲ್ಲ. ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವುದೂ ಇಲ್ಲ.

"ಟ್ಯಾಕೋ ಮಾಡು ಅಪ್ಪ. ಚಿಪ್ಪು ಸಿದ್ಧವಾಗಿಯೇ ಸಿಗುತ್ತದೆ, ಒಳಗೆ ತುಂಬಿಸಿದರೆ ಮುಗಿಯಿತು" ಎಂದು ಮಗಳು ಫೋನಿನಲ್ಲಿ ಹೇಳಿದಳು. ಹಿಂದೆ ಕೂಸು ಅಳುತ್ತಿದ್ದುದರಿಂದ ಹೆಚ್ಚು ವಿಚಾರಿಸಲಿಲ್ಲ.

ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಹತ್ತಿರ ಒಂದು ಸೂಪರ್ ಮಾರ್ಕೆಟ್ ಇದೆ. ನಮ್ಮದು ಮನೆಗೊಬ್ಬರು ಗಲ್ಫಿನಲ್ಲಿರುವ ಊರು. ಹಾಗಾಗಿ ಆಲಿವ್ ಕಾಯಿ, ಹತ್ತು ನಮೂನೆಯ ಚೀಸ್, ಖರ್ಜೂರದ ಪಾಕ ಇವೆಲ್ಲ ಇಲ್ಲಿ ಉದ್ದಿನಬೇಳೆಯಷ್ಟೇ ಸಲೀಸಾಗಿ ಸಿಗುತ್ತವೆ. ಮೆಕ್ಸಿಕನ್ ಸಾಮಾನು ಎಲ್ಲಿದೆ ಎಂದು ನನ್ನ ಹರಕು ಮಲಯಾಳದಲ್ಲಿ ಕೇಳಿದೆ. ಹುಡುಗ ಅಚ್ಚ ತುಳುವಿನಲ್ಲಿ ಉತ್ತರಿಸಿ, ನೂಡಲ್ಸ್ ಸಾಲಿನ ಹಿಂದಕ್ಕೆ ಕರೆದುಕೊಂಡು ಹೋದ. ಪೆಟ್ಟಿಗೆಗೆ 425 ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ. ಆ ಕಪಾಟಿನಲ್ಲಿ ನೋಡಿದ ಮೂರೂ ಪೆಟ್ಟಿಗೆಗಳು ಅಕ್ಕತಂಗಿಯರಂತಿದ್ದವು.

ಒಳಗಿರುವುದು ಮೂರೇ ವಸ್ತು. ಮೆಕ್ಕೆಜೋಳದ ಹಿಟ್ಟಿನಿಂದ ದೋಣಿಯಂತೆ ಮಡಚಿ ಗಟ್ಟಿ ಮಾಡಿದ 12 ಚಿಪ್ಪುಗಳು, ಒಂದು ಮಸಾಲೆ ಪೊಟ್ಟಣ, ಒಂದು ಟೊಮೆಟೊ ಸಾಲ್ಸಾದ (ಅಲ್ಲಿಯ ಗೊಜ್ಜು) ಚೀಲ. ಮುಚ್ಚಳದ ಚಿತ್ರದಲ್ಲಿ ಹೊಳೆಯುವ ಬೀನ್ಸ್ (ರಾಜ್ಮಾದಂಥ ಕಾಳು), ಚೀಸ್, ಹಸಿರೆಲೆ, ಬೆಣ್ಣೆಹಣ್ಣಿನ ಹೋಳು ಎಲ್ಲವೂ ಇವೆ. ಅವೆಲ್ಲ ನಾವು ತರಬೇಕಾದವು. ಮದುವೆಯ ಕರೆಯೋಲೆ ಕೊಟ್ಟು ಊಟವನ್ನು ನೀವೇ ಕಟ್ಟಿಕೊಂಡು ಬನ್ನಿ ಎಂದಂತಾಯಿತು.

ಹಸಿರು ಚುಕ್ಕೆ ಇದೆ. ಸಸ್ಯಾಹಾರಿಗಳು ಇದನ್ನು ನೋಡಿಯೇ ಕೊಳ್ಳಬೇಕು. ಏಕೆಂದರೆ ಮೆಕ್ಸಿಕೋದಲ್ಲಿ ಬೀನ್ಸನ್ನು ಬೇಯಿಸಿ, ಜಜ್ಜಿ, ಬಾಡಿಸಿ ಮಾಡುವ ಮುದ್ದೆಗೆ ಹಳೆಯ ಪದ್ಧತಿಯಲ್ಲಿ ಹಾಕುವುದು ಹಂದಿಯ ಕೊಬ್ಬನ್ನು. ವಿದೇಶದಿಂದ ಬರುವ ಬೀನ್ಸ್ ಡಬ್ಬಿಗಳಲ್ಲಿ ಈಗಲೂ ಅದು ಇರುವುದುಂಟು. ಬೀನ್ಸ್ ತಾನೇ, ಏನಿರುತ್ತದೆ ಎಂದು ಕಣ್ಣು ಮುಚ್ಚಿ ಎತ್ತಿಕೊಳ್ಳಬೇಡಿ.

ಮನೆಯಲ್ಲಿ ಬಿಚ್ಚಿ ನೋಡಿದರೆ 12ರಲ್ಲಿ 4 ಚಿಪ್ಪು ಮುರಿದಿದ್ದವು. ಚೆರ್ಕಳದ ರಸ್ತೆಯನ್ನು ದೂರಬಹುದಿತ್ತು. ಆದರೆ ಬಸ್ಸಿನಲ್ಲಿ ನಾನು ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಒಳಗೆ ಚಿಪ್ಪುಗಳಿಗೆ ಆಸರೆಯಾಗಿದ್ದುದು ತೆಳ್ಳಗಿನ ಪ್ಲಾಸ್ಟಿಕ್ ತಟ್ಟೆಯೊಂದೇ. ನಮ್ಮ ಕಡೆ ಹೆಂಗಸರು ಹಲಸಿನ ಹಪ್ಪಳವನ್ನು ಹಾಳೆಯಲ್ಲಿ ಸುತ್ತಿ ಮುಂಬಯಿಯವರೆಗೆ ಮುರಿಯದಂತೆ ಕಳುಹಿಸುತ್ತಾರೆ.

ಇನ್ನು ಸಮಯದ ವಿಷಯ. "ಬೇಯಿಸಿದ ಬೀನ್ಸ್ 400 ಗ್ರಾಂ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ; ಅವರ 20 ನಿಮಿಷದ ಗುಟ್ಟು ಅಲ್ಲಿದೆ. ರಾಜ್ಮಾ ಬೇಯಿಸುವವರು ಯಾರು? ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿಗೆ ಆರು ವಿಶಲ್ ಕೊಟ್ಟೆ. ಇದರಲ್ಲಿ ಅವಸರ ಸಲ್ಲದು. ಅರೆಬೆಂದ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ನಂಜಿರುತ್ತದೆ. ಕನಿಷ್ಠ ಹತ್ತು ನಿಮಿಷವಾದರೂ ಕೊತಕೊತ ಕುದಿಯದೆ ಅದು ಹೋಗುವುದಿಲ್ಲ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಚ್ಚಗಿಟ್ಟರೂ ಉಪಯೋಗವಿಲ್ಲ. ಕುಕ್ಕರಿನಲ್ಲಿ ಬೇಯಿಸುವ ನಮಗೆ ಆ ಭಯವಿಲ್ಲ.

ಮಸಾಲೆ ಪೊಟ್ಟಣ ಕತ್ತರಿಸಿದಾಗ ಬಂದ ವಾಸನೆ ಮೊದಲು ಜೀರಿಗೆಯದು, ಆಮೇಲೆ ಬೆಳ್ಳುಳ್ಳಿ ಪುಡಿಯದು, ಕೊನೆಗೆ ಎಲ್ಲೋ ಮೂಗಿನ ತುದಿಯಲ್ಲಿ ಓರೆಗಾನೊ ಎಂಬ ಒಣ ಸೊಪ್ಪಿನದು. ರುಚಿ ನೋಡಿದರೆ ಉಪ್ಪು, ಅದರ ಹಿಂದೆಯೇ ಸಕ್ಕರೆ. ಪೂರ್ತಿ ಪೊಟ್ಟಣ ಸುರಿಯಿರಿ ಎಂದಿದ್ದಾರೆ. ಅರ್ಧಕ್ಕೆ ಕೈ ತಡೆದದ್ದು ನನ್ನ ಪುಣ್ಯ. ಸಾಲ್ಸಾ ಇನ್ನೂ ನಿರಾಶೆ: ಸಿಹಿಸಿಹಿಯಾಗಿ, ನೀರುಳ್ಳಿ ಚೂರು ಹಾಕಿದ ಟೊಮೆಟೊ ಸಾಸಿನಂತಿತ್ತು.

ಇಲ್ಲಿ ನನ್ನದೇ ಒಂದು ಪೆದ್ದುತನವನ್ನೂ ಹೇಳಬೇಕು. ಲಿಂಬೆಹಣ್ಣು ಹಿಂಡಿ ಎಂದು ಮಗಳು ಬರೆದು ಕಳುಹಿಸಿದ್ದಳು. ಚಿಪ್ಪಿನ ಸಾಮಗ್ರಿಗಳ ಪಟ್ಟಿ ಓದಿದೆ: ಮೆಕ್ಕೆಜೋಳ, ಎಣ್ಣೆ, ಉಪ್ಪು, ಲೈಮ್. ಸರಿ, ಲಿಂಬೆ ಅವರೇ ಹಾಕಿದ್ದಾರಲ್ಲ, ಮೇಲೆ ಮತ್ತೆ ಹಿಂಡಿದರೆ ಹುಳಿ ಜಾಸ್ತಿಯಾದೀತು ಎಂದು ಬಿಟ್ಟುಬಿಟ್ಟೆ. ಊಟ ಸಪ್ಪೆಯಾಯಿತು. ಉಪ್ಪು ಖಾರ ಎಲ್ಲ ಇದ್ದೂ ಏನೋ ಮಲಗಿಕೊಂಡಂತಿತ್ತು.

ಅಪ್ಪ ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಾಯಲ್ಲಿ ಉಳಿದಿರುವುದು ಎಡಗಡೆಯ ನಾಲ್ಕು ಹಲ್ಲು. ಕಚ್ಚಿದರೆ ಚಿಪ್ಪು ಟಪ್ಪೆಂದು ಬೆನ್ನಿನ ಮೇಲೆಯೇ ಸೀಳಿ, ರಾಜ್ಮಾ ಪಂಚೆಗೆ ಬಿತ್ತು. ಅವರು ಬೇಸರಿಸಲಿಲ್ಲ. ಬಟ್ಟಲು ತರಿಸಿಕೊಂಡರು, ಚಿಪ್ಪನ್ನು ಕೈಯಲ್ಲೇ ಪುಡಿ ಮಾಡಿದರು, ಮೇಲೆ ರಾಜ್ಮಾ, ಸಾಲ್ಸಾ, ಸ್ವಲ್ಪ ಮೊಸರು ಹಾಕಿ ಕಲಸಿ, ಅನ್ನಕ್ಕೆ ಹಪ್ಪಳ ನುರಿದು ತಿನ್ನುವ ಹಾಗೆ ಐದು ನಿಮಿಷ ನೆನೆಯಲು ಬಿಟ್ಟು ತಿಂದರು. ಇದೇನು ಮೆಕ್ಸಿಕೋದ ಊಟವನ್ನು ಕೆಡಿಸಿದರಲ್ಲ ಎಂದು ನನಗೆ ಅನ್ನಿಸಿತು. ಆಮೇಲೆ ಓದಿದರೆ, ಹಳೆಯ ರೊಟ್ಟಿಯ ಕರಿದ ಚೂರುಗಳನ್ನು ಸಾಲ್ಸಾದಲ್ಲಿ ಮೆತ್ತಗಾಗಿಸಿ ಬೆಳಗ್ಗೆ ತಿನ್ನುವುದು ಅಲ್ಲಿ ಮನೆಮನೆಯ ಪದ್ಧತಿಯಂತೆ, ಚಿಲಾಕಿಲೆಸ್ ಎನ್ನುತ್ತಾರೆ. ಪೆಟ್ಟಿಗೆಯ ಸೂಚನೆಯಂತೆ ತಿಂದ ನಾನೇ ಅಪ್ಪನಿಗಿಂತ ಮೆಕ್ಸಿಕೋದಿಂದ ದೂರ ಉಳಿದೆ. ಅಲ್ಲಿ ದಿನನಿತ್ಯದ ಟ್ಯಾಕೋ ಮೆತ್ತಗಿನ ರೊಟ್ಟಿಯದು. ಅಚ್ಚಿನಲ್ಲಿ ಮಡಚಿಟ್ಟ ಈ ಗಟ್ಟಿ ಚಿಪ್ಪನ್ನು ಮನೆಮಾತು ಮಾಡಿದ್ದು ಅಮೆರಿಕದ ಅಂಗಡಿಗಳು.

ಮುರಿದ ನಾಲ್ಕು ಚಿಪ್ಪುಗಳ ಮೇಲೆ ಚೀಸ್ ತುರಿದು, ಉಪ್ಪಿನಲ್ಲಿ ಹಾಕಿದ ಮೆಣಸಿನ ಚೂರು ಇಟ್ಟು, ಕಾವಲಿಯ ಮೇಲೆ ಮುಚ್ಚಳ ಮುಚ್ಚಿ ಬಿಸಿ ಮಾಡಿದೆ. ಆ ರಾತ್ರಿ ನನಗೆ ಹಿಡಿಸಿದ್ದು ಅದೊಂದೇ. ನಾಚೋಸ್ ಎಂಬ ತಿಂಡಿ ಹುಟ್ಟಿದ ಕಥೆಯೂ ಹೀಗೆ ಇದ್ದದ್ದರಲ್ಲಿ ಹೊಂದಿಸಿದ್ದು. 1940ರ ದಶಕದಲ್ಲಿ ಟೆಕ್ಸಸಿನ ಎದುರಿಗೆ, ನದಿಯ ಈಚೆ ದಡದಲ್ಲಿರುವ ಪಿಯೆದ್ರಾಸ್ ನೆಗ್ರಾಸ್ ಎಂಬ ಮೆಕ್ಸಿಕೋದ ಗಡಿಯೂರಿನಲ್ಲಿ, ಆಚೆಯಿಂದ ಬಂದ ಹೆಂಗಸರಿಗೆ ಇಗ್ನಾಸಿಯೊ ಅನಾಯಾ ಎಂಬಾತ ರೊಟ್ಟಿಯ ಚೂರು, ಚೀಸ್, ಮೆಣಸಿನಕಾಯಿ ಇಷ್ಟರಿಂದಲೇ ತಿಂಡಿ ಮಾಡಿಕೊಟ್ಟನಂತೆ. ಇಗ್ನಾಸಿಯೊ ಎಂಬ ಹೆಸರನ್ನು ಅಲ್ಲಿ ಪ್ರೀತಿಯಿಂದ ನಾಚೊ ಎನ್ನುತ್ತಾರೆ. 1956ರಲ್ಲಿ ಕೇರಳಕ್ಕೆ ಸೇರಿ ಗಡಿಯ ಈಚೆ ಉಳಿದ ಊರಿನವನಾದ ನನಗೆ ಈ ಕಥೆ ಬಹಳ ಸಮಾಧಾನ ಕೊಟ್ಟಿತು. ಗಡಿಯಲ್ಲಿರುವವರ ಅಡುಗೆಮನೆಗೆ ಎರಡು ಬಾಗಿಲು.

ಲೈಮ್ ವಿಷಯಕ್ಕೆ ಬರುತ್ತೇನೆ. ಸಪ್ಪೆಯಾದದ್ದನ್ನು ಮಗಳಿಗೆ ಹೇಳಿದಾಗ ಅವಳು ನಕ್ಕ ನಗುವಿಗೆ ಮಲಗಿದ್ದ ಕೂಸು ಎದ್ದಿತು. ಆ ಲೈಮ್ ಲಿಂಬೆಯಲ್ಲ, ಸುಣ್ಣ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಹೆಸರು.

ಸುಣ್ಣವೆಂದರೆ ಅಪ್ಪನ ಎಲೆಯಡಿಕೆ ತಟ್ಟೆಯಲ್ಲಿರುವ ಅದೇ ಸುಣ್ಣ. ಮೆಕ್ಸಿಕೋದಲ್ಲಿ ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೆಯೇ ಬಿಟ್ಟು, ತೊಳೆದು, ಅರೆದು ರೊಟ್ಟಿ ತಟ್ಟುವುದು ಸಾವಿರಾರು ವರ್ಷಗಳ ಪದ್ಧತಿ. ಸುಣ್ಣ ಸಿಪ್ಪೆಯನ್ನು ಸಡಿಲಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ. ಅದಕ್ಕಿಂತ ದೊಡ್ಡ ಕೆಲಸ, ಜೋಳದೊಳಗೆ ಕಟ್ಟಿಬಿದ್ದಿರುವ ನಯಾಸಿನ್ ಎಂಬ ಬಿ ಜೀವಸತ್ವವನ್ನು ಬಿಡಿಸಿ ಮೈಗೆ ಹತ್ತುವಂತೆ ಮಾಡುವುದು. ಯುರೋಪಿನವರು ಜೋಳವನ್ನು ಹಡಗಿನಲ್ಲಿ ಒಯ್ದರು, ಸುಣ್ಣದ ಉಪಾಯವನ್ನು ಅಲ್ಲೇ ಬಿಟ್ಟರು. ಅದರ ಫಲವಾಗಿ ಇಟಲಿಯ ಉತ್ತರ ಭಾಗದಲ್ಲೂ ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಜೋಳವನ್ನೇ ನಂಬಿದ್ದ ಬಡವರು ಚರ್ಮ ಸುಲಿಯುವ ಪೆಲಾಗ್ರಾ ರೋಗಕ್ಕೆ ಸಿಕ್ಕಿ ನರಳಿದರು.

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದರು. ಬೆರಳು ಅಲ್ಲೇ ನಿಂತಿತು. "ಹಾಗಾದರೆ ನೀನು 425 ರೂಪಾಯಿ ಕೊಟ್ಟು ತಂದದ್ದರಲ್ಲಿ ಒಳ್ಳೆಯದು ಇದೊಂದೇ ಇದ್ದದ್ದು, ಮಾಣಿ" ಎಂದರು.

ಮುಂದಿನ ಶನಿವಾರ ಪುತ್ತೂರಿನ ದಿನಸಿ ಅಂಗಡಿಯಿಂದ ಅರ್ಧ ಕಿಲೋ ಒಣ ಮೆಕ್ಕೆಜೋಳ ತಂದೆ. ಒಂದೂವರೆ ಲೀಟರ್ ನೀರಿಗೆ ಅಪ್ಪ ತಾವೇ ಒಂದು ಸಣ್ಣ ಅಡಿಕೆಯಷ್ಟು ಸುಣ್ಣ ತೆಗೆದುಕೊಟ್ಟರು. ಅದು ಕಪ್ಪೆಚಿಪ್ಪು ಸುಟ್ಟ ಸುಣ್ಣ. ಅದರ ಸಸ್ಯಾಹಾರದ ಬಗ್ಗೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಪ್ರಶ್ನೆ ಎತ್ತಿಲ್ಲ. ಪಾತ್ರೆ ಸ್ಟೀಲಿನದೇ ಇರಲಿ, ಅಲ್ಯೂಮಿನಿಯಮ್ಮನ್ನು ಸುಣ್ಣ ತಿನ್ನುತ್ತದೆ. ಜೋಳ ಬಿದ್ದ ಸ್ವಲ್ಪ ಹೊತ್ತಿಗೆ ನೀರು ಅರಸಿನ ಕದಡಿದಂತೆ ಹಳದಿಯಾಯಿತು. ಮುಕ್ಕಾಲು ಗಂಟೆ ಕುದಿಸಿ ಮುಚ್ಚಿಟ್ಟೆ. ಬೆಳಗ್ಗೆ ಕೈ ಹಾಕಿ ತಿಕ್ಕಿದರೆ ಸಿಪ್ಪೆ, ನೆನೆದ ಉದ್ದಿನ ಸಿಪ್ಪೆಯಂತೆ ಜಾರಿ ಮೇಲೆ ತೇಲಿತು. ನಾಲ್ಕು ನೀರಿನಲ್ಲಿ ತೊಳೆದು, ಗ್ರೈಂಡರಿನಲ್ಲಿ ಆದಷ್ಟು ಕಡಿಮೆ ನೀರು ಹಾಕಿ ಅರೆದೆ. ಬಾಳೆಲೆಗೆ ಎಣ್ಣೆ ಪಸೆ ಮಾಡಿ ತಟ್ಟಿದೆ.

ಮೊದಲಿನ ಎರಡು ರೊಟ್ಟಿಗಳ ಅಂಚು ಬಿರುಕು ಬಿಟ್ಟಿತು. ಹಿಟ್ಟಿಗೆ ನೀರು ಚಿಮುಕಿಸಿ ನಾದಿ ತಟ್ಟಿದ ಮೂರನೆಯದು ಕಾವಲಿಯ ಮೇಲೆ ಹೊಟ್ಟೆ ಉಬ್ಬಿಸಿತು. ಮತ್ತೆ ಆ ವಾಸನೆ! ಮೊದಲ ಮಳೆಗೆ ನೆನೆದ ಸುಣ್ಣ ಬಳಿದ ಗೋಡೆ, ಅದರ ಪಕ್ಕದಲ್ಲಿ ಯಾರೋ ಜೋಳ ಸುಡುತ್ತಿದ್ದಾರೆ ಎಂಬಂತೆ. ಪೆಟ್ಟಿಗೆ ಬಿಚ್ಚಿದಾಗ ಒಂದು ಕ್ಷಣ ಬಂದು ಮಾಯವಾದ ಪರಿಮಳ ಇದೇ. ಆಗ ನನಗದು ರಟ್ಟಿನ ವಾಸನೆಯೆಂದು ತೋರಿತ್ತು.

ಇದು ಗಡಿಬಿಡಿಯ ಅಡುಗೆಯಲ್ಲ ನಿಜ. ಭಾನುವಾರ ಅರೆದ ಹಿಟ್ಟು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಅಷ್ಟೇ. ಸೂಪರ್ ಮಾರ್ಕೆಟಿನ ಕಾರ್ನ್ ಫ್ಲೋರ್ ತಂದು ರೊಟ್ಟಿ ತಟ್ಟಲು ಮಾತ್ರ ಹೋಗಬೇಡಿ. ಅದು ಬರೀ ಪಿಷ್ಟ, ಗಂಜಿಯಾಗುತ್ತದೆ.

ವಾರದ ನಡುವೆ ನಾನು ಈಗ ಮಾಡುವುದು ಬೇರೆ. ಚಿಪ್ಪಿನ ಬದಲು ಕುಬ್ಬೂಸ್, ಅಂದರೆ ಅರಬರ ಗೋಧಿ ರೊಟ್ಟಿ. ಕಾಸರಗೋಡಿನ ಯಾವ ಬೇಕರಿಯಲ್ಲೂ ಸಿಗುತ್ತದೆ. ಇದೆಂಥ ಮೆಕ್ಸಿಕೋ ಎಂದು ಮೂಗು ಮುರಿಯುವವರು ಒಂದು ಸಂಗತಿ ತಿಳಿದಿರಲಿ: ಪಶ್ಚಿಮ ಏಷ್ಯಾದಿಂದ ವಲಸೆ ಹೋದವರು ಶವರ್ಮಾದ ಮಾಂಸ ಸುಡುವ ತಿರುಗುವ ಸಲಾಕೆಯನ್ನು ಮೆಕ್ಸಿಕೋಕ್ಕೆ ಒಯ್ದು, ಪುಯೆಬ್ಲಾ ನಗರದಲ್ಲಿ ಇಂಥದೇ ಗೋಧಿ ರೊಟ್ಟಿಯಲ್ಲಿ ಸುತ್ತಿ ಮಾರಿದರು; ಅದಕ್ಕೆ ಅರಬ್ ಟ್ಯಾಕೋ ಎಂದೇ ಹೆಸರು. ನಮ್ಮ ಪೇಟೆಯ ಶವರ್ಮಾ ಅಂಗಡಿಗೂ ಅದಕ್ಕೂ ದೂರದ ನೆಂಟಸ್ತಿಕೆ. ನಾನು ಒಳಗೆ ತುಂಬುವ ಸಾಮಾನು ಮಾತ್ರ ಶುದ್ಧ ಸಸ್ಯಾಹಾರ.

ರಾಜ್ಮಾ ನೆನೆಹಾಕಲು ಮರೆತ ದಿನ ಕೆಂಪು ಅಳಸಂಡೆ ಬೀಜ. ಅದು ಮೆಕ್ಸಿಕೋದ್ದಲ್ಲ, ಆಫ್ರಿಕಾ ಮೂಲದ್ದು, ಆದರೆ ನೆನೆಸದೆಯೇ ಕುಕ್ಕರಿನಲ್ಲಿ ಬೇಯುತ್ತದೆ. ಕುಕ್ಕರ್ ಕೂಗುತ್ತಿರುವಾಗ ಮೂರು ಟೊಮೆಟೊಗಳನ್ನು ಕಾವಲಿಯ ಮೇಲೆ ಸಿಪ್ಪೆ ಕಪ್ಪಾಗುವಂತೆ ಸುಡುತ್ತೇನೆ. ಬದನೆ ಸುಟ್ಟು ಗೊಜ್ಜು ಮಾಡುವವರಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ. ಕಲ್ಲಿನಲ್ಲಿ ನಾಲ್ಕು ಗಾಂಧಾರಿ ಮೆಣಸು, ಉಪ್ಪು ಜಜ್ಜಿ, ಸುಟ್ಟ ಟೊಮೆಟೊ ಹಿಸುಕಿ, ಹಸಿ ನೀರುಳ್ಳಿ, ಕೊತ್ತಂಬರಿ ಸೊಪ್ಪು ಹೆಚ್ಚಿ ಹಾಕಿ, ಲಿಂಬೆ ಹಿಂಡಿದರೆ (ಈಗ ಮರೆಯುವುದಿಲ್ಲ) ಆ ಸಿಹಿ ಚೀಲದ ನೆನಪೇ ಬರುವುದಿಲ್ಲ. ಬೆಂದ ಬೀಜವನ್ನು ಸೌಟಿನ ಬೆನ್ನಿನಿಂದ ಅರ್ಧಂಬರ್ಧ ಜಜ್ಜಿ, ತೆಂಗಿನೆಣ್ಣೆಯಲ್ಲಿ ಜೀರಿಗೆ, ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ಬಾಡಿಸುವುದು. ಓರೆಗಾನೊ ಇಲ್ಲವೆಂದು ಕೊರಗಬೇಡಿ. ಹಿತ್ತಿಲ ದೊಡ್ಡಪತ್ರೆಯ ಎರಡು ಎಲೆಗಳನ್ನು ಸಣ್ಣಗೆ ಹೆಚ್ಚಿ ಕೊನೆಗೆ ಹಾಕಿ. ಇಂಗ್ಲಿಷಿನಲ್ಲಿ ಅದನ್ನು ಮೆಕ್ಸಿಕನ್ ಮಿಂಟ್ ಎಂದು ಕರೆಯುವುದೂ ಇದೆ. ಎರಡೆಲೆ ಸಾಕು, ನಾಲ್ಕಾದರೆ ಕೆಮ್ಮಿನ ಕಷಾಯದ ನೆನಪಾಗುತ್ತದೆ.

ಗುಜ್ಜೆಯ (ಎಳೆ ಹಲಸಿನ) ಕಾಲದಲ್ಲಿ ಬೀಜದ ಬದಲು ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಗುಜ್ಜೆಯನ್ನು ಇದೇ ಮಸಾಲೆಯಲ್ಲಿ ಬಾಡಿಸಿದೆ. ಹೊರದೇಶಗಳಲ್ಲಿ ಅದನ್ನು ಮಾಂಸದ ಬದಲಿಯೆಂದು ಡಬ್ಬಿಯಲ್ಲಿ ಮಾರುತ್ತಾರೆ. ನಮಗೆ ಅದು ತೋಟದಲ್ಲಿ ತಲೆ ಮೇಲೆಯೇ ನೇತಾಡುತ್ತಿರುತ್ತದೆ.

ಗ್ವಾಕಮೋಲೆ ಎಂಬ ಬೆಣ್ಣೆಹಣ್ಣಿನ ಗೊಜ್ಜನ್ನು ಒಂದು ಸಲ ಮಾಡಿದೆ. ಹಣ್ಣೊಂದಕ್ಕೆ 90 ರೂಪಾಯಿ. "ಸಾಬೂನಿಗೆ ಉಪ್ಪು ಹಾಕಿದ ಹಾಗಿದೆ" ಎಂದು ಅಪ್ಪ ಬಟ್ಟಲು ಸರಿಸಿದರು. ನಾನು ಪೂರ್ತಿ ತಿಂದೆ, ನನಗೆ ಇಷ್ಟವಾಯಿತು. ಮೊಸರನ್ನು ಬಟ್ಟೆಯಲ್ಲಿ ಒಂದು ಗಂಟೆ ಕಟ್ಟಿಟ್ಟರೆ ಹುಳಿ ಕೆನೆಯ (ಸೋರ್ ಕ್ರೀಮ್) ಕೆಲಸ ನಡೆಯುತ್ತದೆ.

ಇಷ್ಟೆಲ್ಲ ಸೇರಿ ಈಗ ನನಗೆ 40 ನಿಮಿಷ. ಪೆಟ್ಟಿಗೆಯವರ 20ನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಇಬ್ಬರ ಊಟಕ್ಕೆ ಖರ್ಚು 100 ರೂಪಾಯಿ ದಾಟುವುದಿಲ್ಲ, ಬೆಣ್ಣೆಹಣ್ಣು ತಾರದಿದ್ದರೆ. ರಜೆಗೆ ಮನೆ ತುಂಬ ಮಕ್ಕಳು ಬರುವವರು ಪೆಟ್ಟಿಗೆಯನ್ನು ಕೊಂಡರೆ ನಷ್ಟವಿಲ್ಲ. ಗರಿಗರಿ ಚಿಪ್ಪಿನಲ್ಲಿ ತಮಗೆ ಬೇಕಾದ್ದನ್ನು ತುಂಬಿಕೊಳ್ಳುವ ಆಟ ಅವರಿಗೆ ರುಚಿಸುತ್ತದೆ. ಚಿಪ್ಪನ್ನು ತುಂಬುವ ಮೊದಲು ಕಾವಲಿಯ ಮೇಲೆ ಕವುಚಿಟ್ಟು ಒಂದು ನಿಮಿಷ ಬಿಸಿ ಮಾಡಿ, ಬೀಜವನ್ನು ಗಟ್ಟಿಯಾಗಿಸಿ, ತುಂಬಿದ ತಕ್ಷಣ ತಿನ್ನಿ. ಹಲ್ಲಿಲ್ಲದವರಿಗೆ ಬಟ್ಟಲು ಕೊಡಿ. ಮಸಾಲೆ ಅರ್ಧ ಸಾಕು. ಸಾಲ್ಸಾದ ಚೀಲವನ್ನು ಬಿಚ್ಚುವುದೇ ಬೇಡ. ಐದಕ್ಕೆ ನಾನು ಕೊಡುವ ಅಂಕ ಎರಡು. ಸುಣ್ಣದ ವಿಷಯ ತಿಳಿಸಿಕೊಟ್ಟದ್ದಕ್ಕೆ ಇನ್ನೊಂದು ಅರ್ಧ.

ಹೆಂಡತಿ ಬರುವುದು ಮುಂದಿನ ತಿಂಗಳು. ಅಲ್ಲಿಯವರೆಗೆ ಭಾನುವಾರದ ಜೋಳದ ರೊಟ್ಟಿ ನಿಲ್ಲಬಾರದೆಂದು ಅಪ್ಪನ ಆಜ್ಞೆಯಾಗಿದೆ. ಡಬ್ಬಿಯ ಸುಣ್ಣ ಮೊದಲಿನಷ್ಟು ದಿನ ಬಾಳುವುದಿಲ್ಲ ಎಂಬ ತಕರಾರೂ ಅವರದೇ. ನಾಳೆ ಬ್ಯಾಂಕಿನಿಂದ ಬರುವಾಗ ಬದಿಯಡ್ಕ ಪೇಟೆಯಲ್ಲಿ ಇಳಿದು ಎರಡು ಪೊಟ್ಟಣ ತರಬೇಕು, ಒಂದು ಎಲೆಗೆ, ಒಂದು ಅಡುಗೆಮನೆಗೆ.